ಸ್ಕ್ಯಾನಿಂಗ್ ಕೋಣೆಗೆ ಹೋಗುವ ಮುನ್ನ

(ಶತಮಾನೋತ್ಸವದ ಆರೋಗ್ಯಗೋಷ್ಠಿಯಲ್ಲಿ ಹಳೆವಿದ್ಯಾರ್ಥಿಯಾದ ವಿಕಿರಣತಜ್ಞರೊಬ್ಬರು ಮಾಡಿದ ಭಾಷಣ)



ಕಾಸರಗೋಡಿನ ನಮ್ಮವರು ಕಾಯಿಲೆ ತುಸು ಹೆಚ್ಚಾದರೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದು ರೂಢಿ. ಆ ರೂಢಿ ಎಷ್ಟು ಆಳವಾದುದೆಂಬುದು 2020ರ ಮಾರ್ಚ್‌ನಲ್ಲಿ ಗಡಿ ಮುಚ್ಚಿದಾಗ ನಾಡಿಗೆಲ್ಲ ತಿಳಿಯಿತು. ಹಾಗೆ ಹೋಗುವವರ ಕೈಚೀಲದಲ್ಲಿ ಔಷಧದ ಚೀಟಿ, ರಕ್ತಪರೀಕ್ಷೆಯ ವರದಿ ಎಲ್ಲವೂ ಇರುತ್ತವೆ. ಹಳೆಯ ಎಕ್ಸ್‌ರೇ, ಸಿ.ಟಿ. ಫಿಲ್ಮುಗಳು ಮಾತ್ರ ಮನೆಯ ಅಟ್ಟದಲ್ಲಿ ಉಳಿದಿರುತ್ತವೆ.

ಚಿತ್ರವನ್ನು ಓದುವ ವೈದ್ಯನ ಮೊದಲ ಪ್ರಶ್ನೆ, ‘ಇದು ಹಿಂದೆಯೂ ಇತ್ತೇ?’ ಎಂಬುದು. ಶ್ವಾಸಕೋಶದಲ್ಲಿ ಬಟಾಣಿ ಗಾತ್ರದ ಕಲೆಯೊಂದು ಕಂಡಿತೆನ್ನಿ. ಐದು ವರ್ಷ ಹಿಂದಿನ ಚಿತ್ರದಲ್ಲಿಯೂ ಅದು ಅಷ್ಟೇ ಇದ್ದರೆ, ವಾಸಿಯಾದ ಹಳೆಯ ರೋಗದ ಗುರುತಾಗಿರುವ ಸಂಭವವೇ ಹೆಚ್ಚು. ಹಳೆಯ ಚಿತ್ರವಿಲ್ಲದಿದ್ದರೆ ಮತ್ತೊಂದು ಸಿ.ಟಿ., ಕೆಲವೊಮ್ಮೆ ಸೂಜಿ ಚುಚ್ಚಿ ಮಾಡುವ ಪರೀಕ್ಷೆ, ಮನೆಮಂದಿಗೆಲ್ಲ ನಿದ್ದೆಗೇಡು. ವರದಿಯ ಕಾಗದ ಸಾಲದು. ಅದು ಇನ್ನೊಬ್ಬರು ಕಂಡುದರ ವಿವರಣೆ ಮಾತ್ರ. ಚಿತ್ರವೇ ಬೇಕು. ಕೇಳಿದರೆ ಅನೇಕ ಕೇಂದ್ರಗಳಲ್ಲಿ ಸಿ.ಡಿ.ಯಲ್ಲಿ ಕೊಡುತ್ತಾರೆ. ಫಿಲ್ಮಿನ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳುಹಿಸುವ ಬಂಧುಗಳು ನನಗೂ ಇದ್ದಾರೆ. ಅಂಥ ಫೋಟೋದಲ್ಲಿ ನನಗೆ ಸ್ಪಷ್ಟವಾಗಿ ಕಾಣುವುದು ಅವರ ಮನೆಯ ಟ್ಯೂಬ್‌ಲೈಟು.

ವಿಕಿರಣದ ಭಯ ನಮ್ಮಲ್ಲಿ ಇರಬೇಕಾದಲ್ಲಿ ಇಲ್ಲ. ಭೂಮಿ, ಆಕಾಶ, ಆಹಾರಗಳಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಎದೆಯ ಒಂದು ಎಕ್ಸ್‌ರೇಯಿಂದ ಬರುವುದು 0.1ರಷ್ಟು, ಹೊಟ್ಟೆಯ ಸಿ.ಟಿ.ಯಿಂದ 8ರ ಆಸುಪಾಸು. ಎಕ್ಸ್‌ರೇಗೆ ಅಂಜುವವರೇ ‘ಒಂದು ಸಿ.ಟಿ. ಮಾಡಿಬಿಡಿ ಡಾಕ್ಟ್ರೇ’ ಎಂದು ಒತ್ತಾಯಿಸುವುದನ್ನು ಕಂಡಿದ್ದೇನೆ. ತಲೆಗೆ ಬಲವಾದ ಪೆಟ್ಟು ಬಿದ್ದಾಗ ಸಿ.ಟಿ. ಜೀವ ಉಳಿಸುತ್ತದೆ, ಆಗ ಹಿಂಜರಿಯಬಾರದು. ಮಗುವಿಗೆ ಎರಡು ದಿನ ತಲೆನೋವೆಂಬ ಕಾರಣಕ್ಕೆ ಅದನ್ನು ಬೇಡುವುದು ಬೇರೆ ಮಾತು. ಗರ್ಭಿಣಿಯಾಗಿರುವ ಸಂದೇಹವಿದ್ದರೆ, ಅತ್ತೆಮಾವಂದಿರ ಎದುರು ಸಂಕೋಚವಾದರೂ, ಯಂತ್ರ ನಡೆಸುವವರಿಗೆ ಮೊದಲೇ ತಿಳಿಸಬೇಕು.

ಅಲ್ಟ್ರಾಸೌಂಡಿನಲ್ಲಾಗಲಿ ಎಂ.ಆರ್.ಐ.ಯಲ್ಲಾಗಲಿ ಈ ಬಗೆಯ ವಿಕಿರಣವಿಲ್ಲ. ಆದರೆ ಎಂ.ಆರ್.ಐ.ಯ ಅಯಸ್ಕಾಂತ, ಪರೀಕ್ಷೆ ನಡೆಯದ ಹೊತ್ತಿನಲ್ಲಿಯೂ ಎಚ್ಚರವಾಗಿಯೇ ಇರುತ್ತದೆ. ಎದೆಯೊಳಗಿನ ಪೇಸ್‌ಮೇಕರ್, ಮೆದುಳಿನ ಶಸ್ತ್ರಕ್ರಿಯೆಯಲ್ಲಿ ಹಾಕಿದ ಕ್ಲಿಪ್, ವೆಲ್ಡಿಂಗ್ ಕೆಲಸದವರ ಕಣ್ಣಿನಲ್ಲಿ ಎಂದೋ ಸಿಲುಕಿದ ಕಬ್ಬಿಣದ ಕಣ, ಇವನ್ನು ಹೇಳದೆ ಒಳಗೆ ಹೋಗುವುದು ಅಪಾಯಕರ. ಕರಿಮಣಿ ಕಳಚಲು ಒಪ್ಪದ ತಾಯಂದಿರಿದ್ದಾರೆ. ಅವರ ಭಾವನೆ ನನಗೆ ಅರ್ಥವಾಗುತ್ತದೆ, ಆದರೆ ಆ ಕರಿಮಣಿಗೆ ಸಿಕ್ಕಿಸಿದ ನಾಲ್ಕು ಪಿನ್ನುಗಳು ಅಯಸ್ಕಾಂತಕ್ಕೆ ಅರ್ಥವಾಗುವುದಿಲ್ಲ. ಸಿ.ಟಿ.ಗೆ ಮುನ್ನ ರಕ್ತನಾಳಕ್ಕೆ ಅಯೋಡಿನ್ ಇರುವ ಔಷಧ ಕೊಡುವುದುಂಟು. ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆಗೆ ನುಂಗುವ ಮಾತ್ರೆ, ಹಿಂದೊಮ್ಮೆ ಇಂಥ ಚುಚ್ಚುಮದ್ದಿನಿಂದ ಮೈ ತುರಿಸಿದ್ದು, ಇವೆಲ್ಲ ಆಗ ಹೇಳಬೇಕಾದ ಸಂಗತಿಗಳು.

ಹೇಳುವುದು ಯಾವ ಭಾಷೆಯಲ್ಲಿ? ನಮ್ಮ ಹಿರಿಯರಲ್ಲಿ ಅನೇಕರಿಗೆ ತುಳು, ಕನ್ನಡಗಳ ಹೊರತು ಬೇರೆ ಬಾರದು. ಮಲೆಯಾಳದಲ್ಲೋ ಇಂಗ್ಲಿಷಿನಲ್ಲೋ ಅಚ್ಚಾದ ಒಪ್ಪಿಗೆ ಪತ್ರಕ್ಕೆ ಅವರು ತಲೆತಗ್ಗಿಸಿ ರುಜು ಹಾಕುತ್ತಾರೆ. ಕಾನೂನು ಈ ವಿಷಯದಲ್ಲಿ ನಮಗಿಂತ ಧೈರ್ಯವಂತ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ 1994ರ ಅಧಿನಿಯಮವು, ಪ್ರಸವಪೂರ್ವ ರೋಗಪತ್ತೆಯ ಪ್ರಕ್ರಿಯೆಗಳಿಗೆ ಗರ್ಭಿಣಿಯ ಲಿಖಿತ ಒಪ್ಪಿಗೆಯನ್ನು ಆಕೆಗೆ ತಿಳಿಯುವ ಭಾಷೆಯಲ್ಲಿಯೇ ಪಡೆಯಬೇಕು, ಅದರ ಪ್ರತಿಯನ್ನು ಆಕೆಗೆ ಕೊಡಬೇಕು ಎನ್ನುತ್ತದೆ. ಲಿಂಗ ತಿಳಿಸುವುದು ನಿಷಿದ್ಧವೆಂಬ ಫಲಕವೂ ಇಂಗ್ಲಿಷಿನೊಡನೆ ಸ್ಥಳೀಯ ಭಾಷೆಗಳಲ್ಲಿ ಇರಬೇಕೆಂದು ಅದರ ನಿಯಮ. ಕಾಸರಗೋಡಿನಲ್ಲಿ ಕನ್ನಡ ಸ್ಥಳೀಯ ಭಾಷೆಯಲ್ಲವೆಂದು ಯಾರು ಹೇಳಿಯಾರು? ಉಳಿದ ಪರೀಕ್ಷೆಗಳಲ್ಲಿಯೂ ‘ಇದರಲ್ಲೇನು ಬರೆದಿದೆ, ಓದಿ ಹೇಳಿ’ ಎಂದು ಕೇಳಲು ನಾಚಬೇಕಾಗಿಲ್ಲ.

ಈ ಶಾಲೆಯ ದೊಡ್ಡ ತರಗತಿಯ ಮಕ್ಕಳಿಗೆ ಮೂರು ನಾಲ್ಕು ಭಾಷೆಗಳು ಬರುತ್ತವೆ. ಅಜ್ಜನನ್ನೋ ಅಜ್ಜಿಯನ್ನೋ ಆಸ್ಪತ್ರೆಗೆ ಕರೆದೊಯ್ಯುವ ದಿನ ಅಂಥ ಮಗುವೊಂದು ಜೊತೆಗಿರಲಿ. ಒಂದು ದಿನದ ರಜೆಯನ್ನು ಅಧ್ಯಾಪಕರು ಮನ್ನಿಸುವರೆಂದು ನಂಬಿದ್ದೇನೆ. ಹೊರಡುವ ಮೊದಲು ಅಟ್ಟ ಹತ್ತಿ ಫಿಲ್ಮುಗಳನ್ನು ಇಳಿಸಿ, ಲಕೋಟೆಯ ಮೇಲೆ ಇಸವಿಯನ್ನೂ ಯಾವ ಅಂಗದ ಚಿತ್ರವೆಂಬುದನ್ನೂ ಬರೆಯುವ ಕೆಲಸವೂ ಆ ಮಗುವಿಗೇ ಇರಲಿ.