ಬೆಳ್ಳಿ ಸವೆಯುವುದು ಎಲ್ಲಿ?



ದೀಪಾವಳಿ ಹತ್ತಿರ ಬಂತೆಂದರೆ ಹಳಿಯಾಳ, ಜೋಯಿಡಾ ಕಡೆಯ ಮನೆಗಳಲ್ಲಿ ದೇವರ ಸಾಮಾನೆಲ್ಲ ಹಿತ್ತಲಿಗೆ ಇಳಿಯುತ್ತದೆ. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಸಿದ್ಧವಾಗುತ್ತವೆ. ಹಿತ್ತಾಳೆಗೆ ಇದು ಸರಿ. ಬೆಳ್ಳಿ ಲೇಪದ ಆರತಿ ತಟ್ಟೆಗೆ ಮಾತ್ರ ಇದು ವರ್ಷವರ್ಷವೂ ಬೀಳುವ ಪೆಟ್ಟು.

ಮೂರ್ತಿಗೆ ತೊಡಿಸುವ ಕವಚ ಬೇರೆ, ಲೇಪನ ಬೇರೆ. ಕವಚ ಬಡಿದು ರೂಪಿಸಿದ ಬೆಳ್ಳಿ ತಗಡು, ಕಳಚಿ ತೂಗಬಹುದು. ಪಾತ್ರೆಯ ಕಲಾಯಿಯಂತೂ ಬೆಳ್ಳಿಯೇ ಅಲ್ಲ, ತವರ. ಅಂಗಡಿಯವರು ಗಿಲೀಟು ಎನ್ನುವ ಲೇಪನ ವಿದ್ಯುತ್ತಿನಿಂದ ಆಗುವುದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಬಂಧುಗಳು 1840ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು.

ತಾಮ್ರದ ಬಟ್ಟಲನ್ನು ಜಿಡ್ಡಿಲ್ಲದಂತೆ ತೊಳೆದು, ಬೆಳ್ಳಿಯ ಲವಣ ಕರಗಿಸಿದ ತೊಟ್ಟಿಯಲ್ಲಿ ತೂಗುಬಿಡುತ್ತಾರೆ. ಅದಕ್ಕೆ ವಿದ್ಯುತ್ತಿನ ಋಣ ತುದಿ, ಎದುರಿಗಿರುವ ಬೆಳ್ಳಿ ಗಟ್ಟಿಗೆ ಧನ ತುದಿ. ಗಟ್ಟಿಯ ಬೆಳ್ಳಿ ಕರಗುತ್ತ ಹೋಗುತ್ತದೆ, ಬಟ್ಟಲಿನ ಮೇಲೆ ಬೆಳ್ಳಿ ಕೂರುತ್ತ ಹೋಗುತ್ತದೆ. ತೊಟ್ಟಿಯ ದ್ರವದಲ್ಲಿ ಸಾಮಾನ್ಯವಾಗಿ ಸಯನೈಡ್ ಇರುತ್ತದೆ. ಆಮ್ಲ ಸೇರಿದರೆ ಪ್ರಾಣ ತೆಗೆಯುವ ಅನಿಲ ಏಳುತ್ತದೆ. ಅಗ್ಗದ ಹೊಳಪು ಕೊಳ್ಳುವಾಗ ಆ ಕೆಲಸಗಾರನನ್ನು ನಾವು ನೆನೆಯುವುದಿಲ್ಲ.

ಈ ಪದರ ಎಷ್ಟು ದಪ್ಪ? ತಲೆಗೂದಲು ಸುಮಾರು 70 ಮೈಕ್ರಾನ್. ಅಗ್ಗದ ಲೇಪ ಅನೇಕ ವೇಳೆ ಒಂದೆರಡು ಮೈಕ್ರಾನ್ ಅಷ್ಟೆ. ಬೂದಿಯಿಂದ ತಿಕ್ಕಿದರೆ ಉಳಿಯುವುದೇನು?

ಬೆಳ್ಳಿ ಕಪ್ಪಾಗುವುದು ಕೊಳೆಯಿಂದಲ್ಲ, ಗಂಧಕದಿಂದ. ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್ ತಗಲಿ ಬೆಳ್ಳಿಯ ಮೇಲ್ಮೈಯೇ ಸಲ್ಫೈಡ್ ಆಗುತ್ತದೆ. ದಾಂಡೇಲಿಯವರಿಗೆ ಈ ಅನಿಲದ ಪರಿಚಯ ಮಾಡಿಕೊಡಬೇಕಿಲ್ಲ. ಸಲ್ಫೇಟ್ ಪದ್ಧತಿಯಲ್ಲಿ ಕಾಗದಕ್ಕಾಗಿ ಮರ ಬೇಯಿಸುವಾಗ ಬರುವ ಕೊಳೆತ ಮೊಟ್ಟೆಯ ನಾತದಲ್ಲಿ ಇದರ ಪಾಲೂ ಇದೆ. ಕಪ್ಪನ್ನು ತಿಕ್ಕಿ ತೆಗೆದರೆ ಅದರೊಳಗಿನ ಬೆಳ್ಳಿಯೂ ಹೋಯಿತು.

ತಿಕ್ಕದೆ ತೆಗೆಯುವ ದಾರಿ ಅಡುಗೆಮನೆಯಲ್ಲೇ ಇದೆ. ಪ್ಲಾಸ್ಟಿಕ್ ಬೋಗುಣಿಯಲ್ಲಿ ಅಲ್ಯುಮಿನಿಯಂ ಹಾಳೆ ಹಾಸಿ, ಸಾಮಾನನ್ನು ಅದಕ್ಕೆ ತಾಗುವಂತೆ ಇಟ್ಟು, ಅಡುಗೆ ಸೋಡಾ ಬೆರೆಸಿದ ಬಿಸಿನೀರು ಸುರಿಯಿರಿ. ಗಂಧಕ ಬೆಳ್ಳಿಯನ್ನು ಬಿಡುತ್ತದೆ, ಬೆಳ್ಳಿ ಅಲ್ಲೇ ಉಳಿಯುತ್ತದೆ. ಹರಳು ಅಂಟಿಸಿದ ಸಾಮಾನಿಗೆ ಇದು ಬೇಡ.

1966ರಿಂದ ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟನ್ನರು ಬುದ್ಧನ ಮುಂದೆ ಸಾಲಾಗಿ ಏಳು ಬಟ್ಟಲು ನೀರು ಇಡುತ್ತಾರೆ. ಬಟ್ಟಲು ಬೆಳ್ಳಿಯದಿರಲಿ, ಹಿತ್ತಾಳೆಯದಿರಲಿ, ಲೇಪದ್ದಿರಲಿ, ಸಂಜೆ ನೀರು ಚೆಲ್ಲಿ, ಮೆತ್ತನೆಯ ಬಟ್ಟೆಯಿಂದ ಒರೆಸಿ, ಬೋರಲು ಹಾಕುವುದು ವಾಡಿಕೆ. ನಮ್ಮ ವಾರ್ಷಿಕ ತಿಕ್ಕಾಟಕ್ಕಿಂತ ಈ ನಿತ್ಯದ ಒರೆಸಾಟ ಮೇಲೆಂದೇ ನನ್ನ ಅಭಿಪ್ರಾಯ.

ಅಂಚಿನಲ್ಲಿ ತಾಮ್ರದ ಕೆಂಪು ಕಂಡ ಮೇಲೆ ಸೋಡಾ, ಬಟ್ಟೆ ಯಾವುದೂ ನಡೆಯದು. ಮತ್ತೆ ಲೇಪ ಹಾಕಿಸಬೇಕು. ಹಾಕಿಸುವಾಗ ಎಷ್ಟು ಮೈಕ್ರಾನ್ ಎಂದು ಕೇಳಿ, ರಸೀದಿಯಲ್ಲಿ ಬರೆಸಿಕೊಳ್ಳಿ.