ನೋಡದ ನಗೆಯನ್ನು ಓದುವುದು



ನಗೆ ಕಾರ್ಯಕ್ರಮವನ್ನು ನೋಡುವುದು ಬಿಟ್ಟು ಅದರ ಬಗ್ಗೆ ಪುಸ್ತಕ ಓದುವುದೇ, ಊಟ ಬಿಟ್ಟು ಅಡುಗೆ ಪುಸ್ತಕ ಓದಿದ ಹಾಗಾಯಿತಲ್ಲ ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲೂ ಈ ಪ್ರಶ್ನೆ ಬಂದಿದೆ. ಬೀರುವಿನ ಕೆಳಗಿನ ಎರಡು ಖಾನೆಗಳು ಇಂಥ ಪುಸ್ತಕಗಳಿಂದಲೇ ತುಂಬಿವೆ. "ಇಷ್ಟೆಲ್ಲ ಓದಿ ಯಾವ ಪರೀಕ್ಷೆಗೆ ಕಟ್ಟುತ್ತೀರಿ?" ಎಂದು ಮನೆಯಾಕೆ ಕೇಳಿದ್ದುಂಟು. ಅವಳಿಗೆ ಸರಿಯಾದ ಉತ್ತರ ಕೊಡಲು ಅಂದು ನನ್ನಿಂದ ಆಗಲಿಲ್ಲ. ಇಂದು ನಿಮ್ಮೆದುರು ಪ್ರಯತ್ನಿಸುತ್ತೇನೆ.

ಈ ಚಟ ಹತ್ತಿದ್ದು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ. ಅಲ್ಲಿ ನನಗೆ ಟೋನಿ ಹ್ಯಾನ್‌ಕಾಕ್ ಎಂಬ ಬ್ರಿಟಿಷ್ ಹಾಸ್ಯನಟನ ಬಗ್ಗೆ ರೋಜರ್ ವಿಲ್ಮಟ್ ಬರೆದ ಒಂದು ಪುಸ್ತಕ ಸಿಕ್ಕಿತು. 1978ರದು. ವಿಲ್ಮಟ್ ಬಿಬಿಸಿಯಲ್ಲೇ ಧ್ವನಿ ತಂತ್ರಜ್ಞರಾಗಿದ್ದವರು. ಹ್ಯಾನ್‌ಕಾಕ್‌ನ ಮುಖವನ್ನೇ ನಾನು ನೋಡಿರಲಿಲ್ಲ. 1954ರಿಂದ ರೇಡಿಯೋದಲ್ಲಿ, 1956ರಿಂದ 1961ರವರೆಗೆ ಟೆಲಿವಿಷನ್ನಿನಲ್ಲಿ ಬಂದ ಆತನ ಅರ್ಧ ಗಂಟೆಯ ಕಾರ್ಯಕ್ರಮ ಇಡೀ ದೇಶವನ್ನೇ ಕೂರಿಸಿಕೊಳ್ಳುತ್ತಿತ್ತಂತೆ. ಅದರಲ್ಲಿ ಹಾಡಿಲ್ಲ, ಕುಣಿತವಿಲ್ಲ, ಬಾಳೆಹಣ್ಣಿನ ಸಿಪ್ಪೆಯ ಮೇಲೆ ಜಾರಿ ಬೀಳುವುದೂ ಇಲ್ಲ. ತನ್ನನ್ನು ಬಹಳ ದೊಡ್ಡವನೆಂದುಕೊಂಡ ಒಬ್ಬ ಸೋತ ಮನುಷ್ಯ ಬಾಡಿಗೆ ಮನೆಯಲ್ಲಿ ಕುಳಿತು ಗೊಣಗುವುದು, ಅಷ್ಟೇ.

1961ರ 'ದಿ ಬ್ಲಡ್ ಡೋನರ್' ಎಂಬ ಕಂತನ್ನೇ ನೋಡಿ. ರಕ್ತದಾನ ಮಾಡುವ ಮಹಾಕಾರ್ಯಕ್ಕೆಂದು ಈತ ಆಸ್ಪತ್ರೆಗೆ ಹೋಗುತ್ತಾನೆ. ಪರೀಕ್ಷೆಗೆಂದು ಬೆರಳಿಗೆ ಸೂಜಿ ಚುಚ್ಚಿ ಒಂದು ತೊಟ್ಟು ತೆಗೆದಾಗ ದಾನ ಮುಗಿಯಿತೆಂದು ಎದ್ದೇಬಿಡುತ್ತಾನೆ. ಇನ್ನೂ ಅರ್ಧ ಲೀಟರಿಗೂ ಹೆಚ್ಚು ಕೊಡಬೇಕೆಂದು ತಿಳಿದಾಗ ಮುಖ ಬಿಳಿಚಿಕೊಳ್ಳುತ್ತದೆ. ಕೊನೆಗೂ ಕೊಡುತ್ತಾನೆ, ಮನೆಗೆ ಬಂದು ಬ್ರೆಡ್ ಕೊಯ್ಯುವ ಚಾಕುವಿನಿಂದ ಕೈ ಕೊಯ್ದುಕೊಳ್ಳುತ್ತಾನೆ, ಅದೇ ಆಸ್ಪತ್ರೆಯಲ್ಲಿ ತಾನು ಕೊಟ್ಟ ರಕ್ತವನ್ನೇ ವಾಪಸು ಏರಿಸಿಕೊಳ್ಳುತ್ತಾನೆ. ಇದನ್ನು ನಾನು ಮೊದಲು ಓದಿ ನಕ್ಕವನು. ನೋಡಿದ್ದು ಎಷ್ಟೋ ವರ್ಷಗಳ ಮೇಲೆ. ನೋಡುವಾಗ ಪುಸ್ತಕಗಳು ಹೇಳಿದ್ದ ಒಂದು ಸಂಗತಿ ಕಣ್ಣಿಗೆ ಬಿತ್ತು. ಈ ಕಂತಿನ ಮುಂಚೆ ಹ್ಯಾನ್‌ಕಾಕ್‌ಗೆ ಕಾರು ಅಪಘಾತದಲ್ಲಿ ತಲೆಗೆ ಪೆಟ್ಟಾಗಿತ್ತು. ಮಾತು ಬಾಯಿಪಾಠ ಮಾಡಲಾಗದೆ, ಕ್ಯಾಮೆರಾದ ಆಚೆ ಬರೆದಿಟ್ಟದ್ದನ್ನು ಓದಿ ಹೇಳಿದ. ಗಮನಿಸಿ ನೋಡಿದರೆ ಅವನ ಕಣ್ಣು ಎದುರಿಗಿರುವವರ ಮೇಲೆ ಇರುವುದೇ ಇಲ್ಲ. ಜನ ಬಿದ್ದು ಬಿದ್ದು ನಗುತ್ತಿದ್ದಾರೆ, ಆತ ಓದುತ್ತಿದ್ದಾನೆ. ಆಮೇಲೆ ಅದೇ ಅಭ್ಯಾಸವಾಗಿಹೋಯಿತು. ತನ್ನ ಬರಹಗಾರರನ್ನು ತಾನೇ ದೂರ ಮಾಡಿಕೊಂಡು, ಕುಡಿತಕ್ಕೆ ಬಿದ್ದು, 1968ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಪ್ರಾಣ ಕಳೆದುಕೊಂಡ. ಆಗ ವಯಸ್ಸು 44.

ಆ ಬರಹಗಾರರ ವಿಷಯ ಇನ್ನೂ ಸ್ವಾರಸ್ಯ. ರೇ ಗಾಲ್ಟನ್, ಅಲನ್ ಸಿಂಪ್ಸನ್ ಇಬ್ಬರೂ ಹದಿಹರೆಯದಲ್ಲಿ ಕ್ಷಯರೋಗಿಗಳಾಗಿ ಒಂದೇ ಸ್ಯಾನಿಟೋರಿಯಮ್ಮಿನಲ್ಲಿ ಮಲಗಿದ್ದವರು. ಅಲ್ಲಿ ರೇಡಿಯೋ ಕೇಳುತ್ತಾ, ಆಸ್ಪತ್ರೆಯ ರೋಗಿಗಳಿಗಾಗಿ ನಗೆಮಾತು ಬರೆಯುತ್ತಾ ಕೆಲಸ ಕಲಿತರು. ಹಾಸಿಗೆ ಬಿಟ್ಟು ಏಳಲಾಗದವರು ಮಾತಿನ ಮೇಲೇ ಬದುಕುವುದನ್ನು ಕಲಿಯುತ್ತಾರೆ. ಅವರ ಪಾತ್ರಗಳು ಒಂದೇ ಕೋಣೆಯಲ್ಲಿ ಕುಳಿತು, ಹೊರಗೆ ಹೋಗಲಾರದೆ, ಒಬ್ಬರನ್ನೊಬ್ಬರು ಕುಟುಕುವುದು ಎಲ್ಲಿಂದ ಬಂತೆಂದು ಇನ್ನು ಬೇರೆ ಹೇಳಬೇಕೆ? ತೆರೆಯ ಮೇಲೆ ಇದು ಕಾಣುವುದಿಲ್ಲ. ಪುಸ್ತಕದಲ್ಲಿ ಕಾಣುತ್ತದೆ.

ಈಗ ಈ ವಿಷಯದಲ್ಲಿ ನನ್ನ ನಿದ್ದೆ ಕೆಡಿಸಿದ ಭಾಗಕ್ಕೆ ಬರುತ್ತೇನೆ. ಇಂಥ ಪುಸ್ತಕಗಳ ಹಿಂಭಾಗದಲ್ಲಿ ಕಂತುಗಳ ಪಟ್ಟಿ ಇರುತ್ತದೆ. ದಿನಾಂಕ, ನಟರು, ಕಥೆ ಎರಡು ಸಾಲು. ಅದರ ಪಕ್ಕದಲ್ಲಿ ಅಲ್ಲಲ್ಲಿ ಒಂದು ಗುರುತು. ಈ ಕಂತು ಈಗ ಇಲ್ಲ ಎಂದು ಅದರ ಅರ್ಥ. ಕಳೆದುಹೋಗಿದ್ದಲ್ಲ, ಅಳಿಸಿದ್ದು. ಎರಡು ಅಂಗುಲ ಅಗಲದ ವಿಡಿಯೋ ಟೇಪು ಆಗ ಬಹಳ ದುಬಾರಿ. ಒಂದು ಕಾರ್ಯಕ್ರಮ ಅಳಿಸಿ ಅದರ ಮೇಲೇ ಇನ್ನೊಂದನ್ನು ಮುದ್ರಿಸಬಹುದಿತ್ತು. ನಟರ ಸಂಘದ ಜೊತೆಗಿನ ಒಪ್ಪಂದದ ಪ್ರಕಾರ ಮರುಪ್ರಸಾರಕ್ಕೂ ಮಿತಿ. ಬಣ್ಣ ಬಂದ ಮೇಲೆ ಕಪ್ಪು ಬಿಳುಪನ್ನು ಯಾರು ಕೇಳುತ್ತಾರೆ? ಹೀಗೆ ಲೆಕ್ಕ ಹಾಕಿದ ಬಿಬಿಸಿ 1978ರ ಹೊತ್ತಿಗೆ ಸರಿಯಾದ ಸಂಗ್ರಹ ನೀತಿಯೊಂದನ್ನು ಮಾಡುವಷ್ಟರಲ್ಲಿ ಎಷ್ಟೋ ಹೋಗಿತ್ತು. ಪೀಟರ್ ಕುಕ್ ಮತ್ತು ಡಡ್ಲಿ ಮೂರ್ ಜೋಡಿಯ ಕಾರ್ಯಕ್ರಮದ ಬಹುಪಾಲು ಹೋಯಿತು. ಟೇಪಿನ ದುಡ್ಡು ತಾನೇ ಕೊಡುತ್ತೇನೆಂದು ಕುಕ್ ಬೇಡಿಕೊಂಡರೂ ಹೋಯಿತು.

ಗಾಲ್ಟನ್-ಸಿಂಪ್ಸನ್ನರ 'ಸ್ಟೆಪ್ಟೋ ಅಂಡ್ ಸನ್' ಎಂಬ ಗುಜರಿ ವ್ಯಾಪಾರಿ ತಂದೆ-ಮಗನ ಕಥೆ 1970ರಲ್ಲಿ ಬಣ್ಣಕ್ಕೆ ಬಂತು. ಆ ವರ್ಷದ ಬಹುಪಾಲು ಕಂತುಗಳು ಇಂದು ಉಳಿದಿರುವುದು ಕಪ್ಪು ಬಿಳುಪಿನಲ್ಲಿ. ಏಕೆಂದರೆ ಉಳಿದದ್ದು ಬರಹಗಾರರು ತಮಗೆಂದು ಸಣ್ಣ ಯಂತ್ರದಲ್ಲಿ ತೆಗೆಸಿಟ್ಟುಕೊಂಡಿದ್ದ ಪ್ರತಿ ಮಾತ್ರ. ಗುಜರಿಯವರ ಕಥೆ ಗುಜರಿಗೆ ಹೋಗಿ ತಪ್ಪಿಸಿಕೊಂಡು ಬಂತು ಎನ್ನಿ. 'ಡ್ಯಾಡ್ಸ್ ಆರ್ಮಿ' 1968ರಿಂದ 1977ರವರೆಗೆ 80 ಕಂತು ಬಂದದ್ದು. ಅದರಲ್ಲಿ ಎರಡು ಕಂತು 2001ರಲ್ಲಿ ತುಕ್ಕು ಹಿಡಿದ ಫಿಲ್ಮ್ ಡಬ್ಬಿಗಳಲ್ಲಿ ಸಿಕ್ಕವು. ಮೂರು ಸಿಗಲೇ ಇಲ್ಲ. ಆದರೆ ಬರವಣಿಗೆ ಉಳಿದಿತ್ತು. 2019ರಲ್ಲಿ ಬೇರೆ ನಟರನ್ನು ಹಾಕಿ ಆ ಮೂರನ್ನೂ ಮತ್ತೆ ಚಿತ್ರೀಕರಿಸಿದರು. ಕಾಗದ ಟೇಪಿಗಿಂತ ಗಟ್ಟಿ ಎಂದು ನನಗೆ ಅನ್ನಿಸಿದ್ದು ಆಗ.

ನಮಗೇನೂ ಇದು ಹೊಸದಲ್ಲ. ಕೈಲಾಸಂ ಅವರು ನಾಟಕಗಳನ್ನು ಬಾಯಲ್ಲಿ ಹೇಳುತ್ತಾ ಹೋದರು, ಗೆಳೆಯರು ಬರೆದುಕೊಂಡರು. ಬರೆದುಕೊಳ್ಳುವವರು ಇಲ್ಲದಿದ್ದರೆ ನಮ್ಮ ಪಾಲಿಗೆ ಏನಿರುತ್ತಿತ್ತು? ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ'ವನ್ನು ನೋಡಿದವರಿಗೆ ಗೊತ್ತು, ಅಂದಂದಿನ ಪತ್ರಿಕೆಯ ಸುದ್ದಿ ಅಂದಂದೇ ಮಾತಿನಲ್ಲಿ ಸೇರುತ್ತಿತ್ತು. ಅಚ್ಚಾದ ಪ್ರತಿಯಲ್ಲಿ ಆ ಮಾತುಗಳನ್ನು ಹುಡುಕಿದರೆ ಎಲ್ಲಿ ಸಿಗಬೇಕು?

ಇಂಥ ಪುಸ್ತಕಗಳೆಲ್ಲ ಒಳ್ಳೆಯವೆಂದು ನಾನು ಹೇಳುವುದಿಲ್ಲ. ಅಭಿಮಾನಿಗಳು ಬರೆದವುಗಳಲ್ಲಿ ಪೂಜೆಯೇ ಹೆಚ್ಚು. ವಿಶ್ವವಿದ್ಯಾಲಯದವರು ಬರೆದವುಗಳಲ್ಲಿ ನಗೆಯನ್ನು ಮೇಜಿನ ಮೇಲೆ ಮಲಗಿಸಿ ಕೊಯ್ದು, ಒಳಗೆ ಏನೂ ಇರಲಿಲ್ಲ ಎಂದು ವರದಿ ಕೊಟ್ಟವೂ ಉಂಟು. ನಟರ ಆತ್ಮಕಥೆಗಳನ್ನಂತೂ ಅರ್ಧ ಉಪ್ಪು ಹಾಕಿಕೊಂಡೇ ಓದಬೇಕು. ಹೊಟ್ಟೆಪಾಡಿಗೆ ಕಥೆ ಕಟ್ಟುವವರು ತಮ್ಮ ಬಾಳಿನ ವಿಷಯದಲ್ಲಿ ಮಾತ್ರ ಕಟ್ಟದೆ ಬಿಡುತ್ತಾರೆಯೇ? ನನಗೆ ಇಷ್ಟವಾಗುವುದು ವಿಲ್ಮಟ್‌ನಂಥ ಗುಮಾಸ್ತ ಬುದ್ಧಿಯ ಲೇಖಕರು. 1998ರಲ್ಲಿ ಮಾರ್ಕ್ ಲೂಯಿಸನ್ ಎಂಬವರು ಬ್ರಿಟನ್ನಿನಲ್ಲಿ ಪ್ರಸಾರವಾದ ಟೆಲಿವಿಷನ್ ಹಾಸ್ಯಕ್ಕೆಲ್ಲ ಒಂದು ದಪ್ಪ ಕೈಪಿಡಿ ಮಾಡಿದರು. ಪಂಚಾಂಗದ ಹಾಗೆ ಯಾವ ಪುಟ ತೆರೆದರೂ ಓದಬಹುದು.

ಆದರೂ ವಿದ್ವಾಂಸರನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಬ್ರಿಟನ್ನಿನಲ್ಲಿ ಜಾನಿ ಸ್ಪೈಟ್ ಎಂಬ ಬರಹಗಾರ ಒಬ್ಬ ಮೂರ್ಖ ಜನಾಂಗದ್ವೇಷಿಯ ಪಾತ್ರ ಸೃಷ್ಟಿಸಿದ. ಅವನನ್ನು ನೋಡಿ ಜನ ನಗಲಿ, ನಾಚಲಿ ಎಂದು. ಅದನ್ನೇ ನಾರ್ಮನ್ ಲಿಯರ್ ಅಮೆರಿಕಕ್ಕೆ ಒಯ್ದು 1971ರಲ್ಲಿ 'ಆಲ್ ಇನ್ ದಿ ಫ್ಯಾಮಿಲಿ' ಮಾಡಿದರು. ಪಾತ್ರದ ಹೆಸರು ಆರ್ಚಿ ಬಂಕರ್. ದೇಶವೇ ನಕ್ಕಿತು. ಆದರೆ 1974ರಲ್ಲಿ ವಿಡ್ಮಾರ್ ಮತ್ತು ರೋಕೀಚ್ ಎಂಬ ಇಬ್ಬರು ಸಂಶೋಧಕರು ನೋಡುಗರನ್ನೇ ಕೇಳಿ ಒಂದು ಲೇಖನ ಪ್ರಕಟಿಸಿದರು. ಪೂರ್ವಗ್ರಹ ಹೆಚ್ಚಿದ್ದವರಿಗೆ ಆರ್ಚಿ ಮೂರ್ಖನಾಗಿ ಕಾಣಲೇ ಇಲ್ಲ, ಮನಸ್ಸಿನಲ್ಲಿದ್ದುದನ್ನು ಧೈರ್ಯವಾಗಿ ಹೇಳುವ ತಮ್ಮವನಾಗಿ ಕಂಡ. ಒಂದೇ ಕೋಣೆಯಲ್ಲಿ ಇಬ್ಬರು ಒಂದೇ ಮಾತಿಗೆ ನಕ್ಕರೂ ಇಬ್ಬರೂ ಬೇರೆ ಬೇರೆಯವರನ್ನು ನೋಡಿ ನಗುತ್ತಿರಬಹುದು. ಇದನ್ನು ಓದಿದ ಮೇಲೆ ನಮ್ಮ ಧಾರಾವಾಹಿಗಳ ಅಡುಗೆಯವರು, ಮನೆಗೆಲಸದವರು ಏಕೆ ಯಾವಾಗಲೂ ಮಂಗಳೂರಿನ ಕನ್ನಡವನ್ನೋ ಧಾರವಾಡದ ಕನ್ನಡವನ್ನೋ ಮಾತಾಡುತ್ತಿದ್ದರು, ಯಜಮಾನರೇಕೆ ಆಡುತ್ತಿರಲಿಲ್ಲ ಎಂಬುದು ನನ್ನನ್ನು ಕಾಡತೊಡಗಿತು. ನಾನೂ ನಕ್ಕವನೇ. ಯಾರನ್ನು ನೋಡಿ ನಕ್ಕೆ?

ಭಾರತದ ಮಟ್ಟಿಗೆ ಹೇಳುವುದಾದರೆ, 'ಯೇ ಜೋ ಹೈ ಜಿಂದಗಿ' 1984ರಲ್ಲಿ ದೂರದರ್ಶನದಲ್ಲಿ ಬಂತು. ಹಿಂದಿಯ ವಿಡಂಬನಕಾರ ಶರದ್ ಜೋಶಿ ಬರೆದದ್ದು, ಕುಂದನ್ ಶಾ ಮೊದಲಾದವರು ನಿರ್ದೇಶಿಸಿದ್ದು. ಸತೀಶ್ ಶಾ ಕಂತಿಗೊಂದು ಹೊಸ ವೇಷದಲ್ಲಿ ಬರುತ್ತಿದ್ದರು. ಆಗ ನಮ್ಮ ಮನೆಯಲ್ಲಿ ಟಿ.ವಿ. ಇರಲಿಲ್ಲ. ಎದುರು ಮನೆಯ ಮೇಷ್ಟರ ಮನೆಯಲ್ಲಿ ಇತ್ತು. ನಮ್ಮ ತಂದೆಯವರು ಶಾಲೆಯಲ್ಲಿ ಗುಮಾಸ್ತರು, ಹಿಂದಿ ಒಂದಕ್ಷರ ಬಾರದು, ಮನೆಯಲ್ಲಿ ಅವರು ನಕ್ಕದ್ದನ್ನು ನಾವು ಮಕ್ಕಳು ನೋಡಿದ್ದು ಕಡಿಮೆ. ಸತೀಶ್ ಶಾ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ತಂದೆಯವರ ಭುಜ ಕುಲುಕಲು ಶುರುವಾಗುತ್ತಿತ್ತು. "ಏನಂದನೋ ಅವನು?" ಎಂದು ನನ್ನನ್ನು ಕೇಳುವರು. ನನಗೆ ಬರುತ್ತಿದ್ದ ಶಾಲೆಯ ಹಿಂದಿಯಲ್ಲಿ ಏನೋ ಒಂದು ಹೇಳುತ್ತಿದ್ದೆ. ಅವರು ಅದಕ್ಕೂ ನಗುತ್ತಿದ್ದರು.

ತಂದೆಯವರು ಹೋಗಿ ಬಹಳ ವರ್ಷಗಳಾದವು. ಅವರ ನಗುವಿನ ಜಾಡು ಹಿಡಿಯಲೆಂದೇ ನಾನು ಆ ಧಾರಾವಾಹಿಯ ಬಗ್ಗೆ, ಆ ಕಾಲದ ದೂರದರ್ಶನದ ಬಗ್ಗೆ ಏನು ಸಿಕ್ಕರೂ ಓದುತ್ತೇನೆ. ಮನೆಯಾಕೆ ಕೇಳಿದ್ದಕ್ಕೆ ಉತ್ತರ ಇದು. ಕನ್ನಡದ 'ಕ್ರೇಜಿ ಕರ್ನಲ್' ಬಗ್ಗೆ ಹಾಗೆ ಓದಲು ಹೊರಟರೆ ರಮೇಶ್ ಭಟ್ಟರ ನಟನೆಯನ್ನು ನೆನೆಯುವ ನಾಲ್ಕು ಮಾತಿಗಿಂತ ಹೆಚ್ಚು ನನ್ನ ಕೈಗೆ ಸಿಗಲಿಲ್ಲ. ಅದರ ಒಂದು ಕಂತು ಹೇಗೆ ಮುಗಿಯಿತೆಂದು ನನಗೂ ತಂಗಿಗೂ ಇನ್ನೂ ಜಗಳವಿದೆ. ತೀರ್ಪು ಕೊಡುವ ಟೇಪೂ ನಮ್ಮ ಬಳಿ ಇಲ್ಲ, ಪುಸ್ತಕವೂ ಇಲ್ಲ.

ಮೊನ್ನೆ ಅಟ್ಟ ಇಳಿಸುವಾಗ ತಂದೆಯವರ ಲೆಕ್ಕದ ಡೈರಿ ಸಿಕ್ಕಿತು. ಹಾಲು, ಸೀಮೆಎಣ್ಣೆ, ದಿನಸಿ, ಸ್ಕೂಲ್ ಫೀಸು. ಒಂದು ಪುಟದ ಕೆಳಗೆ, ಲೆಕ್ಕಕ್ಕೆ ಸೇರದ ಹಾಗೆ, ಸಣ್ಣ ಅಕ್ಷರದಲ್ಲಿ ಬರೆದಿದ್ದರು: "ರಾತ್ರಿ ಮೇಷ್ಟರ ಮನೆ. ಆ ದಪ್ಪನೆಯವನು ಈ ದಿನ ಡಾಕ್ಟರ ವೇಷ. ಕರೆಂಟು ಹೋಯಿತು. ಅರ್ಧ ನೋಡಿದ್ದು."