ಶೇಂಗಾ ಬೀಜದ ಮಾತು



ಹೊಲದಲ್ಲಿ ಶೇಂಗಾದ ಎಲೆ ಉದುರಿದರೆ ಎಣ್ಣೆ ಗಿರಣಿಯಲ್ಲಿ ಪಾಳಿ ತಪ್ಪುತ್ತದೆ. ಇದನ್ನು ನಿಮಗೆ ನಾನು ಹೇಳಬೇಕಾದ್ದಿಲ್ಲ. ತುಕ್ಕು, ಎಲೆಚುಕ್ಕೆ ರೋಗ ಬಿದ್ದರೆ ಕಾಳು ಸೊರಗಿ ಎಣ್ಣೆ ಇಳಿಯುತ್ತದೆ.

ನಮ್ಮ ಕಡೆಯ ರೈತರು ಬಹುಕಾಲ ನೆಚ್ಚಿದ ಟಿ.ಎಂ.ವಿ.-2 ತಳಿ ತಿಂಡಿವನದಿಂದ 1940ರಲ್ಲಿ ಬಂದದ್ದು. ಈ ರೋಗಗಳ ಮುಂದೆ ಅದು ನಿಲ್ಲದು. ಸಾವಿರಾರು ವರ್ಷಗಳ ಹಿಂದೆ ದಕ್ಷಿಣ ಅಮೆರಿಕದಲ್ಲಿ ಎರಡು ಕಾಡುಜಾತಿಗಳು ಕೂಡಿ ಹುಟ್ಟಿದ ಒಂದೇ ಮನೆತನ ನಮ್ಮ ಶೇಂಗಾ. ರೋಗ ತಡೆಯುವ ಗುಣ ಅದರಲ್ಲಿ ಕಡಿಮೆ, ಅದರ ಕಾಡು ಬಳಗದಲ್ಲಿ ಉಂಟು. ಅಂಥ ಕಾಡುಗುಣ ಸೇರಿದ ಒಂದು ಸಾಲನ್ನು ರಾಯಚೂರಿನ ಕೆ.ಆರ್.ಜಿ.-1ರೊಡನೆ ಸಂಕರಿಸಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದವರು ಜಿ.ಪಿ.ಬಿ.ಡಿ.-4 ತಳಿ ತೆಗೆದರು. ಎರಡೂ ರೋಗಗಳನ್ನು ಅದು ತಾಳಿಕೊಳ್ಳುತ್ತದೆ. ಆಮೇಲೆ, ಎಳೆಯ ಎಲೆಯ ಚೂರಿನಲ್ಲೇ ಆ ವಂಶಗುಣದ ಗುರುತು ಹಿಡಿದು, ಹಳೆಯ ಟಿ.ಎಂ.ವಿ.-2ಕ್ಕೂ ಅದನ್ನು ಕೂಡಿಸಿದರು.

ಹಾಗಾದರೆ ತಡವೆಲ್ಲಿ? ಬೀಜದಲ್ಲಿ. ಎಕರೆಗೆ ಬಿತ್ತನೆ ಕಾಳೇ 40-50 ಕಿಲೋ ಬೇಕು. ಒಂದಕ್ಕೆ ಹತ್ತಾಗುವುದೂ ಕಷ್ಟ. ಮೇಲಾಗಿ ಇದು ತನ್ನ ಪರಾಗದಿಂದಲೇ ಕಾಯಿಕಟ್ಟುವ ಗಿಡ. ಒಮ್ಮೆ ಕೊಂಡವನು ಮರುವರ್ಷ ತನ್ನ ಕಾಳನ್ನೇ ಬಿತ್ತಬಹುದು. ರೈತನಿಗೆ ಒಳ್ಳೆಯದೇ, ಆದರೆ ಬೀಜದ ಕಂಪನಿಗೆ ಇದರಲ್ಲೇನು ಆಸೆ? ಸರಕಾರದ ಬೀಜ ನಿಗಮ, ಸಹಕಾರ ಸಂಘಗಳೇ ಬೆಳೆಸಿ ಹಂಚಬೇಕು. ಮುಂಗಾರಿಗೆ ಮುನ್ನ ಗಿರಣಿಯವರೂ ವರ್ತಕರೂ ರೈತರೊಡನೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿರಿ: ಈ ತಳಿಯ ಬೀಜ ಎಷ್ಟು ಚೀಲ ಬಂದಿದೆ?